ಕೆಲಸದಿಂದ ಬರುವ ಅಸ್ತಮಾ: ಕಫದಲ್ಲಿ ಯಾವ ಪ್ರೊಟೀನ್ ಅಳೆಯಬೇಕು? ಡಿಟಿಟಿ ಹಾಕಿದ ಮಾದರಿ ನಡೆಯುತ್ತದೆಯೇ?

ಕೇಳಿದವರು: ತಿಳಿದ್ರವ

ಎರಡು ಗುಂಪಿನ ಕೆಲಸಗಾರರನ್ನು ಇಟ್ಟುಕೊಂಡು ಒಂದು ಅಧ್ಯಯನದ ಕರಡು ಸಿದ್ಧವಾಗುತ್ತಿದೆ. ಒಂದು ಗುಂಪು ಐಸೊಸಯನೇಟ್ (ಬಣ್ಣವನ್ನು ಗಟ್ಟಿಯಾಗಿಸುವ ರಾಸಾಯನಿಕ) ಇರುವ ಬಣ್ಣ ಸಿಂಪಡಿಸುವವರದು, ಇನ್ನೊಂದು ಹಿಟ್ಟಿನ ದೂಳಿನಲ್ಲಿ ದುಡಿಯುವವರದು. ಎಲ್ಲರಿಗೂ ಕೆಲಸದ ದಿನಗಳಲ್ಲಿ ಉಬ್ಬಸ ಹೆಚ್ಚಾಗುತ್ತದೆ, ರಜೆಯಲ್ಲಿ ತಗ್ಗುತ್ತದೆ. ಉಪ್ಪುನೀರಿನ ಆವಿ ಕೊಟ್ಟು ಕಫ ತೆಗೆದು, ಅದರ ತಿಳಿಯಲ್ಲಿ (ಕೋಶಗಳನ್ನು ಕೆಳಗಿಳಿಸಿದ ಮೇಲೆ ಉಳಿಯುವ ದ್ರವ) ಪ್ರೊಟೀನ್ ಸೂಚಕಗಳನ್ನು ಅಳೆಯುವುದು ಉದ್ದೇಶ. ಪಟ್ಟಿಯಲ್ಲಿ ಸದ್ಯಕ್ಕೆ ಐಎಲ್-5, ಐಎಲ್-13, ಐಎಲ್-8 (ಈ ಮೂರೂ ಸೈಟೊಕೈನ್, ಅಂದರೆ ಕೋಶಗಳ ನಡುವಿನ ಸಂಕೇತ ಪ್ರೊಟೀನ್), ಇಸಿಪಿ (ಇಯೊಸಿನೊಫಿಲ್ ಎಂಬ ಬಿಳಿ ರಕ್ತಕೋಶದ ಪ್ರೊಟೀನ್), ಎಂಪಿಒ (ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕೋಶದ ಕಿಣ್ವ), ಎಂಎಂಪಿ-9 (ಅಂಗಾಂಶದ ಪ್ರೊಟೀನ್ ಕತ್ತರಿಸುವ ಕಿಣ್ವ) ಇವೆ.

ಗೊಂದಲ ಇರುವುದು ನಾಲ್ಕು ಕಡೆ. ಒಬ್ಬರಿಂದ ಒಂದೇ ಸಲ ಮಾದರಿ ತೆಗೆದರೆ ಸಾಕೇ? ಕಫ ಕರಗಿಸಲು ಡಿಟಿಟಿ (ಡೈಥಯೋಥ್ರೈಟಾಲ್ ಎಂಬ ರಾಸಾಯನಿಕ) ಹಾಕಿದರೆ ಸೈಟೊಕೈನ್ ಅಳತೆ ಕೆಡುತ್ತದೆ ಎನ್ನುತ್ತಾರೆ, ಎಷ್ಟರ ಮಟ್ಟಿಗೆ? ಕಫ ಬಾರದವರಲ್ಲಿ ಉಸಿರನ್ನು ತಂಪುಗೊಳಿಸಿ ಹಿಡಿದ ದ್ರವ ಬಳಸಬಹುದೇ? ಅಂಕಿಗಳನ್ನು ಒಟ್ಟು ಪ್ರೊಟೀನ್‌ನಿಂದ ಭಾಗಿಸಬೇಕೇ? ಫ್ರೀಜರ್‌ನಲ್ಲಿ ಡಿಟಿಟಿ ಹಾಕಿ ಸಂಸ್ಕರಿಸಿದ ಹಳೆಯ ಮಾದರಿಗಳೂ ಇವೆ, ಅವನ್ನೂ ಸೇರಿಸಿಕೊಳ್ಳುವ ಆಸೆ.

ಉತ್ತರ: ಪೀಕ್‌ಫ್ಲೋ ಪುಸ್ತಕ

ಮೊದಲ ಪ್ರಶ್ನೆಗೆ ಉತ್ತರ: ಸಾಲದು. ಒಂದೇ ಮಾದರಿಯ ಇಸಿಪಿ ಅಥವಾ ಐಎಲ್-8 ನೋಡಿ ಇದು ಕೆಲಸದಿಂದ ಬಂದ ಅಸ್ತಮಾ, ಇದು ಸಾಮಾನ್ಯ ಅಸ್ತಮಾ ಎಂದು ಬೇರ್ಪಡಿಸಲು ಆಗುವುದಿಲ್ಲ. ಒಬ್ಬ ವ್ಯಕ್ತಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸ ಅಷ್ಟು ದೊಡ್ಡದು. ಅದೇ ವ್ಯಕ್ತಿ ಕೆಲಸದಲ್ಲಿದ್ದಾಗ ಎಷ್ಟು, ಬಿಟ್ಟು ದೂರವಿದ್ದಾಗ ಎಷ್ಟು ಎಂಬ ಏರಿಳಿತದಲ್ಲೇ ಮಾಹಿತಿ ಇರುವುದು.

ಅದಕ್ಕೂ ಮೊದಲು ಗುಂಪುಗಳನ್ನು ಬಿಡಿಸಿಕೊಳ್ಳಿ. "ಕೆಲಸಕ್ಕೆ ಸಂಬಂಧಿಸಿದ ಅಸ್ತಮಾ" ಎಂಬ ಒಂದೇ ಹೆಸರಿನಡಿ ಮೂರು ಸಂಗತಿಗಳಿವೆ. ಯಾವುದೋ ವಸ್ತುವಿಗೆ ದೇಹ ಸಂವೇದಿಯಾಗಿ ಹುಟ್ಟುವ ಅಸ್ತಮಾ ಒಂದು. ಕ್ಲೋರಿನ್, ಆಮ್ಲದ ಹೊಗೆಯಂಥ ಉದ್ರೇಕಕಾರಿಯನ್ನು ಹೆಚ್ಚು ಪ್ರಮಾಣದಲ್ಲಿ ಉಸಿರಾಡಿದ್ದರಿಂದ ಬರುವುದು ಎರಡನೆಯದು. ಮೊದಲೇ ಇದ್ದ ಅಸ್ತಮಾ ಕೆಲಸದ ಜಾಗದಲ್ಲಿ ಕೆರಳುವುದು ಮೂರನೆಯದು. ಮೂರನೆಯ ಗುಂಪಿನವರೂ "ಕೆಲಸದಲ್ಲಿ ಹೆಚ್ಚು, ರಜೆಯಲ್ಲಿ ಕಡಿಮೆ" ಎಂದೇ ಹೇಳುತ್ತಾರೆ. ಆದರೆ ಅವರ ಕಫದಲ್ಲಿ ಇಯೊಸಿನೊಫಿಲ್ ಏರಿಳಿತ ಸಾಮಾನ್ಯವಾಗಿ ಅಷ್ಟು ಕಾಣುವುದಿಲ್ಲ. ಮೂರನ್ನೂ ಕಲಸಿದರೆ ಯಾವ ಪ್ರೊಟೀನೂ ಹೊಳೆಯುವುದಿಲ್ಲ, ತಪ್ಪು ಪ್ರೊಟೀನ್‌ನ ಮೇಲೆ ಬೀಳುತ್ತದೆ.

ಸಂವೇದನೆಯಿಂದ ಬರುವುದರಲ್ಲೂ ನಿಮ್ಮ ಎರಡು ಗುಂಪು ಒಂದೇ ಜಾತಿಯಲ್ಲ. ಹಿಟ್ಟು ದೊಡ್ಡ ಅಣುತೂಕದ ಅಲರ್ಜಿಕಾರಕ. ಐಜಿಇ (ಅಲರ್ಜಿಯ ಪ್ರತಿಕಾಯ) ದಾರಿಯಲ್ಲಿ ಕೆಲಸ ಮಾಡುತ್ತದೆ, ಮೂಗು ಸೋರುವುದು ಮೊದಲು ಶುರುವಾಗಿ ಅಸ್ತಮಾ ಹಿಂದೆ ಬರುವುದು ಸಾಮಾನ್ಯ, ಪ್ರತಿಕ್ರಿಯೆ ಬೇಗ ಅಥವಾ ಎರಡು ಹಂತದಲ್ಲಿ ಕಾಣುತ್ತದೆ. ಐಸೊಸಯನೇಟ್ ಸಣ್ಣ ಅಣು. ಅದಕ್ಕೆ ಪ್ರತಿಕ್ರಿಯೆ ಎಷ್ಟೋ ಸಲ ಹಲವು ಗಂಟೆ ತಡವಾಗಿ ಮಾತ್ರ ಬರುತ್ತದೆ, ನಿರ್ದಿಷ್ಟ ಐಜಿಇ ಸಿಕ್ಕರೆ ನಂಬಬಹುದು, ಸಿಗದಿದ್ದರೆ ಏನೂ ಹೇಳಲಾಗದು. ಕಫದಲ್ಲಿ ಇಯೊಸಿನೊಫಿಲ್ ಜೊತೆಗೆ ನ್ಯೂಟ್ರೊಫಿಲ್‌ಗಳೂ ಏರಬಹುದು. ಆದ್ದರಿಂದ ಹಿಟ್ಟಿನವರಲ್ಲಿ ಇಯೊಸಿನೊಫಿಲ್ ಪ್ರೊಟೀನ್‌ಗಳನ್ನು ಮುಂದಿಡಿ. ಬಣ್ಣದವರಲ್ಲಿ ಎಂಪಿಒ, ಐಎಲ್-8, ಎಂಎಂಪಿ-9 ಜೊತೆಗಿರಲೇಬೇಕು. ಎಂಎಂಪಿ-9 ಅಳೆದರೆ ಅದನ್ನು ತಡೆಯುವ ಟಿಐಎಂಪಿ-1 ಕೂಡ ಅಳೆಯಿರಿ. ಎರಡರ ಅನುಪಾತ ನೋಡದೆ ಬರೀ ಎಂಎಂಪಿ-9 ಏರಿತು ಎಂದರೆ ಅರ್ಥ ಅರ್ಧ.

ವೇಳಾಪಟ್ಟಿ ಹೀಗಿರಲಿ. ಕನಿಷ್ಠ 2 ವಾರ ಎಡೆಬಿಡದೆ ಕೆಲಸದಲ್ಲಿದ್ದು, ಕೊನೆಯ ದಿನದ ಪಾಳಿ ಮುಗಿದ ಮೇಲೆ ಮೊದಲ ಮಾದರಿ. ಆಮೇಲೆ ಕನಿಷ್ಠ 2 ವಾರ ಪೂರ್ತಿ ದೂರವಿದ್ದು ಎರಡನೆಯದು. ವಾರದ ರಜೆಯ ಎರಡು ದಿನ ಯಾವ ಲೆಕ್ಕಕ್ಕೂ ಬರುವುದಿಲ್ಲ, ಉರಿಯೂತ ಅಷ್ಟು ಬೇಗ ಇಳಿಯುವುದಿಲ್ಲ. ಈ ನಾಲ್ಕು ವಾರವೂ ದಿನಕ್ಕೆ ಕನಿಷ್ಠ 4 ಸಲ ಪೀಕ್ ಫ್ಲೋ (ಜೋರಾಗಿ ಊದಿದಾಗಿನ ಉಸಿರಿನ ಗರಿಷ್ಠ ವೇಗ) ಬರೆಸಿ. ಒಯಸಿಸ್ ತಂತ್ರಾಂಶಕ್ಕೆ ಹಾಕಿದರೆ 2.5ಕ್ಕಿಂತ ಹೆಚ್ಚಿನ ಅಂಕ ಕೆಲಸದ ಪ್ರಭಾವ ಇದೆ ಎನ್ನುತ್ತದೆ. ಸಾಧ್ಯವಿದ್ದ ಕಡೆ ನಿರ್ದಿಷ್ಟ ವಸ್ತುವನ್ನು ಉಸಿರಾಡಿಸಿ ನೋಡುವ ಪರೀಕ್ಷೆಯೇ ಕೊನೆಯ ತೀರ್ಪು. ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ) ಶೇ 15 ಅಥವಾ ಹೆಚ್ಚು ಕುಸಿದರೆ ಧನಾತ್ಮಕ. ಕುಸಿಯದಿದ್ದರೂ ಮರುದಿನದ ಕಫದಲ್ಲಿ ಇಯೊಸಿನೊಫಿಲ್ ಪ್ರಮಾಣ 3 ಶೇಕಡಾಂಶಕ್ಕಿಂತ ಮೇಲೇರಿದ್ದರೆ ಪರೀಕ್ಷೆಯನ್ನು ಅಲ್ಲಿಗೇ ಬಿಡದೆ ಮುಂದುವರಿಸುವುದು ಒಳ್ಳೆಯದು.

ಎರಡೂ ಮಾದರಿಗಳ ನಡುವೆ ಇನ್‌ಹೇಲರ್ ಸ್ಟೆರಾಯ್ಡ್ ಡೋಸ್ ಬದಲಾಗಬಾರದು. ರಜೆಯಲ್ಲಿ ಆರಾಮ ಅನ್ನಿಸಿ ಬಿಟ್ಟುಬಿಡುವವರೂ ಇದ್ದಾರೆ, ಕೆಲಸದಲ್ಲಿದ್ದಾಗ ದುಪ್ಪಟ್ಟು ಎಳೆಯುವವರೂ ಇದ್ದಾರೆ. ಎರಡೂ ಇಯೊಸಿನೊಫಿಲ್ ಲೆಕ್ಕವನ್ನು ತಲೆಕೆಳಗು ಮಾಡುತ್ತವೆ. ನೆಗಡಿ-ಜ್ವರ ಬಂದು 4 ವಾರ ಆಗಿಲ್ಲದಿದ್ದರೆ ಮುಂದೂಡಿ. ಧೂಮಪಾನಿಗಳನ್ನು ಬೇರೆ ಗುರುತಿಸಿ, ಅವರಲ್ಲಿ ನ್ಯೂಟ್ರೊಫಿಲ್ ಮೊದಲೇ ಹೆಚ್ಚು, ಸಿಸಿ16 (ಶ್ವಾಸನಾಳದ ಒಳಪದರದ ಪ್ರೊಟೀನ್) ಮೊದಲೇ ಕಡಿಮೆ.

ಒಂದು ಎಚ್ಚರಿಕೆ: ಕಫ ತೆಗೆಯುವ ಕ್ರಿಯೆಯೇ ಶ್ವಾಸನಾಳಕ್ಕೆ ನ್ಯೂಟ್ರೊಫಿಲ್‌ಗಳನ್ನು ಕರೆಯುತ್ತದೆ. 24 ಗಂಟೆಯೊಳಗೆ ಎರಡನೇ ಸಲ ತೆಗೆದರೆ ಏರಿದ ಐಎಲ್-8 ಮತ್ತು ಎಂಪಿಒ ಯಾರ ಕೊಡುಗೆ ಎಂದು ಹೇಳಲಾಗದು. ಎರಡರ ನಡುವೆ 48 ಗಂಟೆಯಾದರೂ ಬಿಡಿ.

ಉತ್ತರ: ಮಂಜುಗಡ್ಡೆ ಮೇಲಿನ ಕೊಳವೆ

ಡಿಟಿಟಿ ವಿಷಯ. ಅದು ಕಫಕ್ಕೆ ಅಂಟು ಕೊಡುವ ಮ್ಯೂಸಿನ್ ಅಣುಗಳನ್ನು ಹೆಣೆದಿರುವ ಗಂಧಕದ ಜೋಡಿಬಂಧಗಳನ್ನು ಕತ್ತರಿಸುತ್ತದೆ. ಕತ್ತರಿಗೆ ಯಾವುದು ಮ್ಯೂಸಿನ್, ಯಾವುದು ಸೈಟೊಕೈನ್ ಎಂಬ ಭೇದ ಗೊತ್ತಿಲ್ಲ. ಐಎಲ್-5 ಎರಡು ಸರಪಳಿಗಳು ಅಂಥದೇ ಬಂಧಗಳಿಂದ ಕೂಡಿ ಆದ ಪ್ರೊಟೀನ್, ಆದ್ದರಿಂದ ಪೆಟ್ಟು ಜೋರಾಗಿ ಬೀಳುತ್ತದೆ. ಇನ್ನೊಂದು ಪೆಟ್ಟು ಎಲೈಸಾ (ಪ್ರತಿಕಾಯಗಳಿಂದ ಪ್ರೊಟೀನ್ ಹಿಡಿದು ಅಳೆಯುವ ವಿಧಾನ) ತಟ್ಟೆಯ ಮೇಲೆ: ಅಲ್ಲಿ ಅಂಟಿಸಿರುವ ಪ್ರತಿಕಾಯಗಳ ಸರಪಳಿಗಳನ್ನೂ ಇವೇ ಬಂಧಗಳು ಹಿಡಿದಿಟ್ಟಿರುತ್ತವೆ. ಅಂದರೆ ಕೆಡುವುದು ಎರಡು ಕಡೆ, ಪರಿಹಾರವೂ ಬೇರೆ ಬೇರೆ. ಮಾನಕ ದ್ರಾವಣಗಳನ್ನು ಅದೇ ಪ್ರಮಾಣದ ಡಿಟಿಟಿ ಇರುವ ಬಫರ್‌ನಲ್ಲಿ ತಯಾರಿಸಿದರೆ ತಟ್ಟೆಯ ಮೇಲಿನ ಹಾನಿ ಸರಿದೂಗುತ್ತದೆ. ಕಫ ಕರಗುವ 15 ನಿಮಿಷದಲ್ಲಿ ಪ್ರೊಟೀನ್‌ಗೇ ಆದ ಹಾನಿ ಸರಿದೂಗುವುದಿಲ್ಲ.

ಲೆಕ್ಕ ಹಾಕಿ ನೋಡಿ. ಶೇ 0.1 ಡಿಟಿಟಿ ಅಂದರೆ ಸುಮಾರು 6.5 ಮಿಲಿಮೋಲಾರ್. ಸಾಮಾನ್ಯ ವಿಧಾನದಲ್ಲಿ 1 ಪಾಲು ಕಫಕ್ಕೆ 4 ಪಾಲು ಡಿಟಿಟಿ, ಮೇಲೆ 4 ಪಾಲು ಪಿಬಿಎಸ್ (ಫಾಸ್ಫೇಟ್ ಬಫರ್ ಇರುವ ಉಪ್ಪುನೀರು). ಒಟ್ಟು 9 ಪಾಲು, ತಿಳಿಯಲ್ಲಿ ಉಳಿಯುವ ಡಿಟಿಟಿ ಸುಮಾರು 2.9 ಮಿಲಿಮೋಲಾರ್. ಐಎಲ್-8, ಎಂಪಿಒ, ಎಂಎಂಪಿ-9 ಕಫದಲ್ಲಿ ಧಾರಾಳವಾಗಿರುತ್ತವೆ. ಅಳೆಯುವ ಮೊದಲು ಇನ್ನೂ 10 ಪಟ್ಟು, 100 ಪಟ್ಟು ತೆಳುಮಾಡಲೇಬೇಕಾಗುತ್ತದೆ, ಡಿಟಿಟಿಯೂ ಜೊತೆಗೆ ತೆಳುವಾಗಿ ತಟ್ಟೆಯ ತೊಂದರೆ ಬಹುಪಾಲು ಮಾಯ. ಐಎಲ್-5, ಐಎಲ್-13 ಪಿಕೊಗ್ರಾಂ ಲೆಕ್ಕದಲ್ಲಿರುವುದರಿಂದ ತೆಳುಮಾಡುವ ಹಾಗೇ ಇಲ್ಲ. ನಿಮ್ಮ ಪಟ್ಟಿ ಇಲ್ಲೇ ಎರಡಾಗಿ ಸೀಳುತ್ತದೆ.

ಹೊಸ ಮಾದರಿಗಳಿಗೆ ಎರಡು ಹಂತದ ವಿಧಾನ ಹಿಡಿಯಿರಿ:

1. ಸಾಲ್ಬುಟಮಾಲ್ 400 ಮೈಕ್ರೊಗ್ರಾಂ ಕೊಟ್ಟು 10–15 ನಿಮಿಷ ಕಾದು ಎಫ್‌ಇವಿ1 ನೋಡಿ. ಶೇ 3, 4, 5ರ ಉಪ್ಪುನೀರು, ಒಂದೊಂದೂ 5 ನಿಮಿಷ, ಪ್ರತಿಯೊಂದರ ನಂತರ ಎಫ್‌ಇವಿ1. ಶೇ 20 ಕುಸಿದರೆ ಅಲ್ಲಿಗೆ ನಿಲ್ಲಿಸಿ. ಮೊದಲೇ ಎಫ್‌ಇವಿ1 ತೀರಾ ಕಡಿಮೆ ಇರುವವರಿಗೆ ಶೇ 0.9ರಿಂದ, ಅದೂ ಚಿಕ್ಕ ಅವಧಿಗಳಿಂದ ಶುರುಮಾಡಿ. ಕೋಣೆಗೆ ಗಾಳಿ ಹೊರಹೋಗುವ ವ್ಯವಸ್ಥೆ ಬೇಕು, ಕ್ಷಯದ ಶಂಕೆ ಇರುವವರಿಗೆ ಇದನ್ನು ಮಾಡುವ ಹಾಗಿಲ್ಲ.

2. ಕಫ ಬಂದ ಕೂಡಲೇ ಮಂಜುಗಡ್ಡೆ ಮೇಲೆ, 2 ಗಂಟೆಯೊಳಗೆ ಸಂಸ್ಕರಣೆ. ಪೆಟ್ರಿ ತಟ್ಟೆಗೆ ಸುರಿದು ಜೊಲ್ಲು ಬಿಟ್ಟು ಗಟ್ಟಿ ಉಂಡೆಗಳನ್ನು ಮಾತ್ರ ಚಿಮುಟದಿಂದ ಎತ್ತಿ ತೂಗಿ.

3. ತೂಕದ 8 ಪಟ್ಟು ತಣ್ಣನೆಯ ಪಿಬಿಎಸ್, ಅಂದರೆ 200 ಮಿಲಿಗ್ರಾಂ ಕಫಕ್ಕೆ 1.6 ಮಿ.ಲೀ. ಪ್ರೊಟಿಯೇಸ್ (ಪ್ರೊಟೀನ್ ಕತ್ತರಿಸುವ ಕಿಣ್ವ) ತಡೆಯುವ ಮಿಶ್ರಣ ಇದರಲ್ಲೇ ಇರಲಿ. ಇಲ್ಲದಿದ್ದರೆ ನ್ಯೂಟ್ರೊಫಿಲ್‌ನ ಇಲಾಸ್ಟೇಸ್ ಐಎಲ್-5ನಂಥವನ್ನು ತಿಂದು ಹಾಕುತ್ತದೆ. 15 ಸೆಕೆಂಡ್ ವೋರ್ಟೆಕ್ಸ್, ಮಂಜುಗಡ್ಡೆ ಮೇಲೆ 15 ನಿಮಿಷ ತೂಗಾಟ.

4. 4 ಡಿಗ್ರಿಯಲ್ಲಿ 790 ಜಿ, 10 ನಿಮಿಷ. ಮೇಲಿನ ತಿಳಿಯಲ್ಲಿ 4 ಪಾಲು, ಅಂದರೆ 800 ಮೈಕ್ರೊಲೀಟರ್ ಎತ್ತಿಡಿ. ಡಿಟಿಟಿ ಸೋಕದ ಈ ತಿಳಿಯೇ ಸೈಟೊಕೈನ್‌ಗೆ.

5. ಉಳಿದದ್ದಕ್ಕೆ ಶೇ 0.2 ಡಿಟಿಟಿ 4 ಪಾಲು. ಕೊಳವೆಯಲ್ಲಿರುವ ಪಿಬಿಎಸ್ ಜೊತೆ ಸೇರಿ ಸುಮಾರು ಶೇ 0.1 ಆಗುತ್ತದೆ. 15 ನಿಮಿಷ ತೂಗಾಟ, 48 ಮೈಕ್ರಾನ್ ನೈಲಾನ್ ಜಾಲರಿಯಲ್ಲಿ ಸೋಸಿ, ಕೋಶ ಎಣಿಸಿ, ಮತ್ತೆ ಸೆಂಟ್ರಿಫ್ಯೂಜ್, ಸ್ಲೈಡ್.

ಡಿಟಿಟಿ ಗಾಳಿಗೆ ಸೋಕಿದರೆ ಶಕ್ತಿ ಕಳೆದುಕೊಳ್ಳುತ್ತದೆ, ಅಂದಂದಿನದನ್ನು ಅಂದೇ ಕರಗಿಸಿ. ಸೆಂಟ್ರಿಫ್ಯೂಜ್ ವೇಗವನ್ನು ಸುತ್ತುಗಳ ಲೆಕ್ಕದಲ್ಲಿ ಬರೆದಿಡಬೇಡಿ. 790 ಜಿ ಎಂಬುದು 16 ಸೆಂ.ಮೀ. ತ್ರಿಜ್ಯದ ರೋಟರ್‌ನಲ್ಲಿ ನಿಮಿಷಕ್ಕೆ ಸುಮಾರು 2,100 ಸುತ್ತು, 10 ಸೆಂ.ಮೀ.ನದರಲ್ಲಿ ಸುಮಾರು 2,660.

ಸ್ಲೈಡ್‌ನಲ್ಲಿ ಸ್ಕ್ವೇಮಸ್ (ಬಾಯಿಯ ಚಪ್ಪಟೆ ಕೋಶ) ಬಿಟ್ಟು 400 ಕೋಶ ಎಣಿಸಿ. ಸ್ಕ್ವೇಮಸ್ ಶೇ 20 ಮೀರಿದರೆ ಅದು ಕಫವಲ್ಲ, ಬಾಯಿಯ ಜೊಲ್ಲು. ಜೀವಂತ ಕೋಶ ಶೇ 50ಕ್ಕಿಂತ ಕಡಿಮೆ ಇದ್ದರೆ ಎಂಪಿಒ, ಇಸಿಪಿ ನಂಬಬೇಡಿ. ಸತ್ತ ಕೋಶಗಳು ಒಡೆದು ಚೆಲ್ಲಿದ್ದನ್ನೇ ನೀವು ಅಳೆಯುತ್ತಿರುತ್ತೀರಿ. ಕಫವನ್ನು ಹಾಗೇ ಇಡಿಯಾಗಿ ಫ್ರೀಜರ್‌ಗೆ ತಳ್ಳಿ ಆಮೇಲೆ ನೋಡೋಣ ಎನ್ನುವ ಅಭ್ಯಾಸವೂ ಇದೇ ಕಾರಣಕ್ಕೆ ನಿಷ್ಪ್ರಯೋಜಕ.

ತಿಳಿಯನ್ನು 100 ಮೈಕ್ರೊಲೀಟರ್‌ನಂತೆ ಹಂಚಿ ಮೈನಸ್ 80ರಲ್ಲಿಡಿ. ಒಂದು ಕೊಳವೆ ಒಂದೇ ಸಲ ಕರಗಬೇಕು.

ಪಿಬಿಎಸ್ ವಿಧಾನದಲ್ಲೂ ಒಂದು ಕೊರತೆ ಇದೆ. ಇಸಿಪಿ ಬಲವಾದ ಧನ ವಿದ್ಯುದಂಶದ ಪ್ರೊಟೀನ್, ಮ್ಯೂಸಿನ್ ಋಣ. ಎರಡೂ ಅಂಟಿಕೊಳ್ಳುವುದರಿಂದ ಡಿಟಿಟಿ ಇಲ್ಲದೆ ಇಸಿಪಿ ಪೂರ್ತಿ ಹೊರಬರುವುದಿಲ್ಲ. ಪ್ಲಾಸ್ಟಿಕ್ ಗೋಡೆಗೂ ಅಂಟುತ್ತದೆ. ಇಯೊಸಿನೊಫಿಲ್ ಸೂಚಕವೇ ಬೇಕಿದ್ದರೆ ಇಸಿಪಿ ಬದಲು ಅದೇ ಕೋಶದ ಇನ್ನೊಂದು ಪ್ರೊಟೀನ್ ಆದ ಇಡಿಎನ್ ಅಳೆಯುವುದು ಮೇಲು, ಅದು ಇಷ್ಟು ಅಂಟುಬುರುಕ ಅಲ್ಲ.

ತಿಳಿದ್ರವ

ಉಪಕಾರವಾಯಿತು. ಎರಡು ಉಪಪ್ರಶ್ನೆ. ಹಳೆಯ ಡಿಟಿಟಿ ಮಾದರಿಗಳಲ್ಲಿ ಬಿಸಿಎ (ಒಟ್ಟು ಪ್ರೊಟೀನನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಮಾಡಿದಾಗ ಒಟ್ಟು ಪ್ರೊಟೀನ್ ನಂಬಲಾಗದಷ್ಟು ಹೆಚ್ಚು ಬರುತ್ತಿದೆ, ಖಾಲಿ ಬಫರ್‌ನಲ್ಲೂ ಬಣ್ಣ ಬರುತ್ತಿದೆ. ಇನ್ನೊಂದು, ಗೊತ್ತಿರುವಷ್ಟು ಪ್ರೊಟೀನ್ ಹಾಕಿ ಎಷ್ಟು ಮರಳಿ ಸಿಗುತ್ತದೆ ಎಂದು ನೋಡುವ ಸೇರಿಸಿ-ಅಳೆಯುವ ಪರೀಕ್ಷೆಯನ್ನು ಯಾವ ಹಂತದಲ್ಲಿ ಮಾಡಬೇಕು?

ಮಂಜುಗಡ್ಡೆ ಮೇಲಿನ ಕೊಳವೆ

ಬಿಸಿಎ ಕೆಲಸ ಮಾಡುವುದೇ ಪ್ರೊಟೀನ್ ತಾಮ್ರವನ್ನು ಅಪಕರ್ಷಿಸುವುದರಿಂದ. ಡಿಟಿಟಿ ಆ ಕೆಲಸವನ್ನು ಪ್ರೊಟೀನ್‌ಗಿಂತ ಚುರುಕಾಗಿ ತಾನೇ ಮಾಡುತ್ತದೆ. ಸಾಮಾನ್ಯ ಬಿಸಿಎ ತಡೆದುಕೊಳ್ಳುವುದು ಸುಮಾರು 1 ಮಿಲಿಮೋಲಾರ್‌ವರೆಗೆ, ನಿಮ್ಮಲ್ಲಿ 2.9 ಇದೆ. ಬ್ರಾಡ್‌ಫರ್ಡ್ ಪರೀಕ್ಷೆ ಬಳಸಿ, ಅದಕ್ಕೆ ಡಿಟಿಟಿ ಅಡ್ಡಿಯಲ್ಲ. ಸಕ್ಕರೆ ಹೊದ್ದ ಮ್ಯೂಸಿನ್‌ಗಳನ್ನು ಅದು ಕಡಿಮೆ ಎಣಿಸುತ್ತದೆ ಎಂಬುದು ಮಾತ್ರ ನೆನಪಿರಲಿ.

ಸೇರಿಸಿ-ಅಳೆಯುವುದನ್ನು ಎರಡು ಹಂತದಲ್ಲಿ ಮಾಡಿ. ಗೊತ್ತಿರುವ ಪ್ರಮಾಣದ ಶುದ್ಧ ಪ್ರೊಟೀನನ್ನು ಸಿದ್ಧವಾದ ತಿಳಿಗೆ ಸೇರಿಸಿದರೆ ಅಳತೆಗೆ ಬರುವ ಅಡ್ಡಿ ಮಾತ್ರ ಗೊತ್ತಾಗುತ್ತದೆ. ತೂಗಿದ ಕಫಕ್ಕೇ, ಬಫರ್ ಹಾಕುವ ಮೊದಲೇ ಸೇರಿಸಿದರೆ ಮ್ಯೂಸಿನ್‌ಗೆ ಅಂಟಿದ್ದು, ಪ್ರೊಟಿಯೇಸ್ ತಿಂದದ್ದು, ಡಿಟಿಟಿ ಒಡೆದದ್ದು ಎಲ್ಲ ಸೇರಿದ ನಷ್ಟ ಗೊತ್ತಾಗುತ್ತದೆ. ಸೇರಿಸಿದ ಮಾದರಿಯ ಅಂಕಿಯಿಂದ ಸೇರಿಸದ ಮಾದರಿಯದನ್ನು ಕಳೆದು, ಸೇರಿಸಿದ ಪ್ರಮಾಣದಿಂದ ಭಾಗಿಸಿ. ಶೇ 80ರಿಂದ 120ರ ನಡುವೆ ಇದ್ದರೆ ಸರಿ. ಮೊದಲನೆಯದು ಶೇ 95, ಎರಡನೆಯದು ಶೇ 30 ಬಂದರೆ ಕಿಟ್ ಬದಲಾಯಿಸಿ ಪ್ರಯೋಜನವಿಲ್ಲ, ಸಂಸ್ಕರಣೆಯನ್ನು ಬದಲಾಯಿಸಬೇಕು. ಇಯೊಸಿನೊಫಿಲ್ ಹೆಚ್ಚಿರುವ, ನ್ಯೂಟ್ರೊಫಿಲ್ ಹೆಚ್ಚಿರುವ, ಎರಡೂ ಕಡಿಮೆ ಇರುವ ಕಫಗಳಲ್ಲಿ ಬೇರೆ ಬೇರೆಯಾಗಿ ಮಾಡಿ. ಒಂದರಲ್ಲಿ ಪಾಸಾದದ್ದು ಇನ್ನೊಂದರಲ್ಲಿ ಪಾಸಾಗುತ್ತದೆ ಎಂದೇನಿಲ್ಲ.

ಉತ್ತರ: ಟ್ರಿಪ್ಸಿನ್ ರಾತ್ರಿಯಿಡೀ

ಹಳೆಯ ಮಾದರಿಗಳನ್ನು ಬಿಸಾಡಬೇಡಿ, ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಕೊಡಿ. ಅಲ್ಲಿ ಪ್ರೊಟೀನ್‌ಗಳನ್ನು ಹೇಗೂ ಡಿಟಿಟಿ ಹಾಕಿ ಬಿಚ್ಚಿ, ತುಂಡರಿಸಿಯೇ ಓದುವುದು. ಎಲೈಸಾಗೆ ಶತ್ರುವಾದದ್ದು ಇಲ್ಲಿ ವಿಧಾನದ ಒಂದು ಮೆಟ್ಟಿಲು ಅಷ್ಟೆ.

ತಪ್ಪುವುದು ಬಿಚ್ಚಿದ ಬಂಧಗಳು ಮತ್ತೆ ಕೂಡದಂತೆ ಸಿಸ್ಟೀನ್ ಮುಚ್ಚುವ ಅಯೊಡೊಅಸಿಟಮೈಡ್ ಲೆಕ್ಕದಲ್ಲಿ. ತಿಳಿಯಲ್ಲಿ 2.9 ಮಿಲಿಮೋಲಾರ್ ಡಿಟಿಟಿ ಇದೆ, ರೂಢಿಯಂತೆ ಮತ್ತೆ 10 ಮಿಲಿಮೋಲಾರ್ ಹಾಕುತ್ತೀರಿ, ಒಟ್ಟು ಸುಮಾರು 13. ಡಿಟಿಟಿಯ ಒಂದು ಅಣುವಿಗೆ ಎರಡು ಥಯೋಲ್, ಅಂದರೆ 26. ಅಯೊಡೊಅಸಿಟಮೈಡ್ 20 ಹಾಕಿದರೆ ಡಿಟಿಟಿಯೇ ಎಲ್ಲವನ್ನೂ ನುಂಗಿ ಸಿಸ್ಟೀನ್‌ಗಳು ಅರೆಬರೆ ಉಳಿಯುತ್ತವೆ. ಸಿಸ್ಟೀನ್ ಇರುವ ಪೆಪ್ಟೈಡ್‌ಗಳು ಎರಡು ರೂಪದಲ್ಲಿ ಹಂಚಿಹೋಗಿ ಪ್ರಮಾಣ ಕಡಿಮೆ ಕಾಣುತ್ತದೆ. 40 ಹಾಕಿ, ಕತ್ತಲಲ್ಲಿ 30 ನಿಮಿಷ.

ಇದರಲ್ಲಿ ಏನು ಕಾಣುವುದಿಲ್ಲ ಎಂಬುದೂ ಗೊತ್ತಿರಲಿ. ಕಫದ ತುಂಬ ಆಲ್ಬುಮಿನ್, ಐಜಿಎ, ಲ್ಯಾಕ್ಟೊಫೆರಿನ್, ಲೈಸೊಜೈಮ್, ಅಮೈಲೇಸ್, ಎಂಯುಸಿ5ಎಸಿ, ಎಂಯುಸಿ5ಬಿ. ಇವುಗಳ ಗದ್ದಲದಲ್ಲಿ ಪಿಕೊಗ್ರಾಂ ಲೆಕ್ಕದ ಐಎಲ್-5 ಕೇಳಿಸುವುದಿಲ್ಲ. ಕೇಳಿಸುವುದು ಕೋಶಗಳೇ ಸುರಿದ ಪ್ರೊಟೀನ್‌ಗಳು: ಇಯೊಸಿನೊಫಿಲ್ ಕಡೆಯಿಂದ ಇಪಿಎಕ್ಸ್, ಇಡಿಎನ್, ಗ್ಯಾಲೆಕ್ಟಿನ್-10. ನ್ಯೂಟ್ರೊಫಿಲ್ ಕಡೆಯಿಂದ ಎಂಪಿಒ, ಎಸ್100ಎ8, ಎಸ್100ಎ9. ಶ್ವಾಸನಾಳದ ಒಳಪದರವಾದ ಎಪಿಥೀಲಿಯಂ ಕಡೆಯಿಂದ ಸಿಸಿ16, ಬಿಪಿಐಎಫ್ ಕುಟುಂಬ, ಐಜಿಎ ಸಾಗಿಸುವ ಗ್ರಾಹಕ. ನಿಜಕ್ಕೂ ಕೆಲಸದ ದೂಳಿಗೆ ಮೊದಲು ಪೆಟ್ಟು ತಿನ್ನುವುದು ಎಪಿಥೀಲಿಯಂ, ನಿಮ್ಮ ಪಟ್ಟಿಯಲ್ಲಿ ಅದರ ಒಂದು ಪ್ರೊಟೀನೂ ಇಲ್ಲ. ಗ್ಯಾಲೆಕ್ಟಿನ್-10 ಹಳೆಯ ಸೂಕ್ಷ್ಮದರ್ಶಕದವರಿಗೆ ಚಾರ್ಕೊ-ಲೇಡನ್ ಹರಳಾಗಿ ಪರಿಚಿತವಾದದ್ದೇ. ಹೊಸ ಸೂಚಕ ಎನ್ನುವವೆಲ್ಲ ಅಷ್ಟೇನೂ ಹೊಸವಲ್ಲ.

ಉಸಿರಿನ ತಂಪುದ್ರವದ ಬಗ್ಗೆ ಕೇಳಿದ್ದಿರಿ. 10–15 ನಿಮಿಷ ಉಸಿರಾಡಿದರೆ 1–2 ಮಿ.ಲೀ. ಸಿಗುತ್ತದೆ, ಅದರಲ್ಲಿ ಬಹುಪಾಲು ಬರೀ ನೀರಾವಿ. ಶ್ವಾಸನಾಳದ ದ್ರವ ಸಾವಿರಾರು ಪಟ್ಟು ತೆಳುವಾಗಿರುತ್ತದೆ, ಆ ತೆಳುವು ಉಸಿರಿನಿಂದುಸಿರಿಗೆ ಬದಲಾಗುತ್ತದೆ. ಸಿಗುವ ಪ್ರೊಟೀನ್‌ಗಳ ಪಟ್ಟಿಯ ತುದಿಯಲ್ಲಿ ಚರ್ಮದ ಕೆರಾಟಿನ್ ಕೂತಿರುತ್ತದೆ. ಪ್ರೊಟೀನ್‌ಗೆ ಅದು ಬೇಡ. ಕಫ ಬಾರದ ಹಿಟ್ಟಿನ ಕೆಲಸಗಾರರಲ್ಲಿ ಮೂಗು ತೊಳೆದ ನೀರು ಅದಕ್ಕಿಂತ ಎಷ್ಟೋ ವಾಸಿ, ಅದನ್ನು ಕಫದ ಅಂಕಿಗಳ ಜೊತೆ ಒಂದೇ ಕೋಷ್ಟಕದಲ್ಲಿ ಸೇರಿಸಬೇಡಿ ಅಷ್ಟೆ.

ಉತ್ತರ: ಲಾಗ್ ಎರಡು

ಒಟ್ಟು ಪ್ರೊಟೀನ್‌ನಿಂದ ಭಾಗಿಸಬೇಡಿ. ಉರಿಯೂತ ಹೆಚ್ಚಾದಾಗ ರಕ್ತದ ಪ್ಲಾಸ್ಮಾ ಶ್ವಾಸನಾಳಕ್ಕೆ ಜಿನುಗುತ್ತದೆ, ಆಲ್ಬುಮಿನ್ ಏರುತ್ತದೆ, ಛೇದವೇ ದೊಡ್ಡದಾಗುತ್ತದೆ. ಎಂಪಿಒ ದುಪ್ಪಟ್ಟಾಗಿ ಒಟ್ಟು ಪ್ರೊಟೀನೂ ದುಪ್ಪಟ್ಟಾದರೆ ನಿಮ್ಮ ಅನುಪಾತ ಏನೂ ಆಗಲಿಲ್ಲ ಎನ್ನುತ್ತದೆ. ತೂಗಿದ ಕಫದ ತೆಳುಪಟ್ಟು, ಅಂದರೆ ಮೇಲಿನ ವಿಧಾನದಲ್ಲಿ 9ರಿಂದ ಗುಣಿಸಿ, ಒಂದು ಮಿ.ಲೀ. ಕಫಕ್ಕೆ ಇಷ್ಟು ಎಂದು ಕೊಡಿ.

ಟ್ರಿಪ್ಸಿನ್ ರಾತ್ರಿಯಿಡೀ

ಎಲೈಸಾಗೆ ಒಪ್ಪಿದೆ. ಮಾಸ್ ಸ್ಪೆಕ್ಟ್ರೊಮೀಟರ್‌ಗೆ ಪ್ರತಿ ಮಾದರಿಯಿಂದ ಒಂದೇ ತೂಕದ ಪೆಪ್ಟೈಡ್ ಹಾಕುವುದು ಅನಿವಾರ್ಯ, ಹಾಗಾಗಿ ಅಲ್ಲಿ ಬರುವುದು ಯಾವಾಗಲೂ ಅನುಪಾತವೇ. ಎರಡು ವಿಧಾನದ ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಮೊದಲು ಈ ಕಾರಣ ನೋಡಿ.

ಲಾಗ್ ಎರಡು

ನ್ಯಾಯ. ಉಳಿದ ಲೆಕ್ಕ ಇಷ್ಟು. 92 ಪ್ರೊಟೀನ್‌ಗಳ ಫಲಕ ಕೊಂಡು ಪಿ ಮೌಲ್ಯ 0.05ರ ಗಡಿಯಲ್ಲಿ ನೋಡಿದರೆ, ಏನೂ ವ್ಯತ್ಯಾಸವೇ ಇಲ್ಲದಿದ್ದರೂ 4 ಅಥವಾ 5 ಪ್ರೊಟೀನ್ "ಹೊಳೆಯುತ್ತವೆ". ಇಂಥ ಸುಳ್ಳು ಹೊಳಪನ್ನು ಹತೋಟಿಯಲ್ಲಿಡುವ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಕಡ್ಡಾಯ. ಅದಕ್ಕಿಂತ ಒಳ್ಳೆಯದು, ಮುಖ್ಯ ಪ್ರಶ್ನೆ ಎರಡು-ಮೂರು ಪ್ರೊಟೀನ್‌ಗಳದ್ದು ಎಂದು ಮೊದಲೇ ಬರೆದಿಡುವುದು. ಕೆಲಸದ ಮತ್ತು ರಜೆಯ ಅಂಕಿಗಳನ್ನು ಲಾಗ್‌ಗೆ ತಿರುಗಿಸಿ ವ್ಯಕ್ತಿವಾರು ವ್ಯತ್ಯಾಸ ತೆಗೆಯಿರಿ.

ಒಬ್ಬರ ಎರಡೂ ಮಾದರಿ ಒಂದೇ ತಟ್ಟೆಯಲ್ಲಿ, ಜಾಗ ಮಾತ್ರ ಚೀಟಿ ಎತ್ತಿದ ಹಾಗೆ. ಕೆಲಸದ ಮಾದರಿಗಳೆಲ್ಲ ಒಂದು ತಟ್ಟೆ, ರಜೆಯವೆಲ್ಲ ಇನ್ನೊಂದು ತಟ್ಟೆಯಾದರೆ ನೀವು ಅಳೆದದ್ದು ತಟ್ಟೆಗಳ ವ್ಯತ್ಯಾಸ. ಎಲ್ಲ ಮಾದರಿಗಳಿಂದ ಸ್ವಲ್ಪ ಸ್ವಲ್ಪ ಸೇರಿಸಿದ ಒಂದು ಕೂಡುಮಾದರಿಯನ್ನು ಪ್ರತಿ ತಟ್ಟೆಯಲ್ಲೂ 3 ಬಾವಿಗಳಿಗೆ ಹಾಕಿ. ಅದರ ಏರುಪೇರು ಶೇ 15 ದಾಟಿದ ತಟ್ಟೆ ಮರುಮಾಡಿ.

ಪತ್ತೆಯ ಮಿತಿಗಿಂತ ಕೆಳಗೆ ಬಿದ್ದದ್ದನ್ನು ಸೊನ್ನೆ ಮಾಡಬೇಡಿ. ಕೆಲವೇ ಇದ್ದರೆ ಮಿತಿಯನ್ನು 2ರ ವರ್ಗಮೂಲದಿಂದ ಭಾಗಿಸಿದ ಅಂಕಿ ಹಾಕುವ ರೂಢಿ ಇದೆ. ಐಎಲ್-13ರಲ್ಲಿ ಅರ್ಧಕ್ಕರ್ಧ ಹಾಗೆ ಬಿದ್ದರೆ "ಸಿಕ್ಕಿತು, ಸಿಗಲಿಲ್ಲ" ಎಂದಷ್ಟೇ ವಿಶ್ಲೇಷಿಸಿ. ಮತ್ತೆ, ಪ್ರೊಟೀನ್ ಆರಿಸಿದ ಅದೇ ಜನರ ಮೇಲೆ ಅದರ ಪತ್ತೆಶಕ್ತಿಯನ್ನೂ ಲೆಕ್ಕ ಹಾಕಿದರೆ ಸುಂದರವಾದ ರೇಖೆ ಬರುತ್ತದೆ, ಹೊಸ ಗುಂಪಿನಲ್ಲಿ ಕುಸಿಯುತ್ತದೆ. ಯಾವ ಪ್ರೊಟೀನನ್ನೂ ಬರೀ ಇಯೊಸಿನೊಫಿಲ್ ಎಣಿಕೆಯ ಎದುರು ನಿಲ್ಲಿಸಿ ನೋಡಿ. ಎಣಿಕೆಗಿಂತ ಹೆಚ್ಚೇನೂ ಹೇಳದ ಇಡಿಎನ್‌ಗೆ ಕಿಟ್ ಖರ್ಚು ದಂಡ.

ತಿಳಿದ್ರವ

ಹಾಗಾದರೆ ಹೀಗೆ: ಹೊಸಬರಲ್ಲಿ ಎರಡು ಹಂತದ ಸಂಸ್ಕರಣೆ, ಕೆಲಸದಲ್ಲಿ ಒಂದು, ರಜೆಯಲ್ಲಿ ಒಂದು ಮಾದರಿ. ಪಿಬಿಎಸ್ ತಿಳಿಯಲ್ಲಿ ಐಎಲ್-5, ಐಎಲ್-13. ಇಸಿಪಿ ಬದಲು ಇಡಿಎನ್, ಜೊತೆಗೆ ಸಿಸಿ16, ಟಿಐಎಂಪಿ-1 ಹೊಸದಾಗಿ. ಹಳೆಯ ಮಾದರಿಗಳು ಮಾಸ್ ಸ್ಪೆಕ್ಟ್ರೊಮೀಟರ್‌ಗೆ.

ಮಂಜುಗಡ್ಡೆ ಮೇಲಿನ ಕೊಳವೆ

ಸರಿ. ಇಡಿಎನ್ ಅನ್ನು ಮೊದಲ 10 ಮಾದರಿಗಳಲ್ಲಿ ಪಿಬಿಎಸ್ ತಿಳಿ, ಡಿಟಿಟಿ ತಿಳಿ ಎರಡರಲ್ಲೂ ಅಳೆದು, ಹೆಚ್ಚು ಸಿಗುವ ಕಡೆ ಮುಂದುವರಿಯಿರಿ. ಹಳೆಯವನ್ನು ಕಳಿಸುವ ಮೊದಲು ದಾಖಲೆಯಲ್ಲಿ ನೋಡಬೇಕಾದ್ದು: ಎಷ್ಟು ಪಾಲು ಡಿಟಿಟಿ, ಎಷ್ಟು ಸಲ ಕರಗಿದೆ, ಸ್ಕ್ವೇಮಸ್ ಎಷ್ಟು, ಮಾದರಿ ತೆಗೆದ ದಿನ ಕೊನೆಯ ಪಾಳಿ ಯಾವಾಗ ಮುಗಿದಿತ್ತು. ಕೊನೆಯದು ಬರೆದಿಲ್ಲದ ಕೊಳವೆಗಳನ್ನು ವಿಧಾನ ಹೊಂದಿಸಿಕೊಳ್ಳಲು ಬಳಸಿ, ಫಲಿತಾಂಶಕ್ಕೆ ಬೇಡ. ಪ್ರೊಟಿಯೇಸ್ ತಡೆಯುವ ಮಿಶ್ರಣದಲ್ಲಿ ಇಡಿಟಿಎ ಇದೆಯೇ ಎಂದೂ ನೋಡಿಕೊಳ್ಳಿ. ಎಂಎಂಪಿ-9ರ ಪ್ರಮಾಣಕ್ಕೆ ತೊಂದರೆಯಿಲ್ಲ, ಚಟುವಟಿಕೆ ಅಳೆಯುವ ಯೋಚನೆ ಇದ್ದರೆ ಇಡಿಟಿಎ ಅದರ ಸತು, ಕ್ಯಾಲ್ಸಿಯಂ ಎರಡನ್ನೂ ಹಿಡಿದು ಕಿಣ್ವವನ್ನು ನಿಲ್ಲಿಸಿರುತ್ತದೆ.